ಲೆಕ್ಕಕ್ಕೆ ಸಿಗದ ವಸ್ತಾದಗಿರಿ

ಶ್ರೀಪತಿ ಖಂಚನಾಳೆ 2020ರ ಡಿಸೆಂಬರ್ 14ರಂದು ಕೊಲ್ಲಾಪುರದಲ್ಲಿ ತೀರಿಕೊಂಡಾಗ ಅವರಿಗೆ 86 ವರ್ಷ. ದೇಶದ ಮೊದಲ ‘ಹಿಂದ್ ಕೇಸರಿ’ ಇನ್ನಿಲ್ಲ ಎಂಬುದೇ ಅಂದಿನ ಸುದ್ದಿಯ ಸಾರ. 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಸೋಲಿಸಿ ಅವರು ಆ ಬಿರುದು ಗೆದ್ದಿದ್ದರು. ಆ ಕುಸ್ತಿಗೂ ಈ ಸಾವಿಗೂ ನಡುವೆ 61 ವರ್ಷಗಳ ಅಂತರವಿದೆ. ಇಷ್ಟು ದೀರ್ಘ ಅವಧಿಯಲ್ಲಿ ಖಂಚನಾಳೆ ಏನು ಮಾಡುತ್ತಿದ್ದರು ಎಂದು ಹುಡುಕಿದರೆ ಸಿಗುವ ಉತ್ತರ ಬಹಳ ಚಿಕ್ಕದು: ಕಿರಿಯ ಪೈಲವಾನರಿಗೆ ಮಾರ್ಗದರ್ಶನ ಮಾಡುತ್ತಿದ್ದರು.

ಗಡಿನಾಡಿನ ಕುಸ್ತಿಯ ಇತಿಹಾಸದಲ್ಲಿ ಕಾಣುವ ಬಹುದೊಡ್ಡ ಕೊರತೆ ಈ ಚಿಕ್ಕ ಉತ್ತರದಲ್ಲಿಯೇ ಇದೆ. ಪೈಲವಾನ ಗೆದ್ದ ಗದೆಗೆ ತಾರೀಖು ಉಂಟು, ಎದುರಾಳಿಯ ಹೆಸರು ಉಂಟು. ಅದೇ ಪೈಲವಾನ ಲಂಗೋಟಿ ಬಿಚ್ಚಿಟ್ಟು ವಸ್ತಾದನಾಗಿ ಕಳೆದ ವರ್ಷಗಳಿಗೆ ಯಾವ ದಾಖಲೆಯೂ ಇಲ್ಲ. ಅಖಾಡದಲ್ಲಿ ಕುಸ್ತಿ ಹಿಡಿಯುವುದು ಹದಿನೈದು ವರ್ಷ. ಗರಡಿಯಲ್ಲಿ ಕಲಿಸುವುದು ಮೂವತ್ತು ನಾಲ್ವತ್ತು ವರ್ಷ. ಇತಿಹಾಸ ಮಾತ್ರ ಮೊದಲಿನ ಹದಿನೈದನ್ನು ಹಿಡಿದುಕೊಂಡು ಉಳಿದುದನ್ನು ಕೈಬಿಟ್ಟಿದೆ.

ಖಂಚನಾಳೆಯವರನ್ನು ಎಲ್ಲರೂ ಕೊಲ್ಲಾಪುರದ ಪೈಲವಾನರೆಂದೇ ಬಲ್ಲರು. ಅವರು 1934ರ ಡಿಸೆಂಬರ್ 10ರಂದು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ. ಚಿಕ್ಕೋಡಿ ತಾಲ್ಲೂಕಿನ ಈ ಊರು ಹುಕ್ಕೇರಿಗೆ ನೆರೆಯದು. ಅಲ್ಲಿಂದ ಮುಂದೆ ಗೋಕಾಕ, ಅದಕ್ಕೆ ಅಂಟಿಕೊಂಡು ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕಾದ ಮೂಡಲಗಿ. ಈ ಇಡೀ ಸೀಮೆಯಲ್ಲಿ ಕುಸ್ತಿಯ ಹುಚ್ಚು ಹತ್ತಿದ ಹುಡುಗ ಕಣ್ಣು ಹಾಯಿಸುತ್ತಿದ್ದುದು ಬೆಂಗಳೂರಿನ ಕಡೆಗಲ್ಲ, ಮೈಸೂರಿನ ಕಡೆಗೂ ಅಲ್ಲ, ಕೊಲ್ಲಾಪುರದ ಕಡೆಗೆ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ನಿಪ್ಪಾಣಿ ದಾಟಿ ಹೆದ್ದಾರಿ ಹಿಡಿದರೆ ಕೊಲ್ಲಾಪುರಕ್ಕೆ ಎರಡು ತಾಸೂ ಬೇಡ; ಬೆಂಗಳೂರು ಐದುನೂರು ಕಿಲೋಮೀಟರ್ ದೂರ. ಅಲ್ಲದೆ 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತಕ್ಕೇ ಸೇರಿತ್ತು. ಕೊಲ್ಲಾಪುರ ಸಂಸ್ಥಾನ 1949ರಲ್ಲಿ ಅದೇ ಮುಂಬಯಿಯಲ್ಲಿ ವಿಲೀನವಾಯಿತು. ಖಂಚನಾಳೆ ಹುಡುಗರಾಗಿ ತಾಲೀಮಿಗೆ ಹೋದ ಕಾಲಕ್ಕೆ ಯಕ್ಸಂಬಾದಿಂದ ಕೊಲ್ಲಾಪುರಕ್ಕೆ ಹೋಗುವುದೆಂದರೆ ಪಕ್ಕದ ಪೇಟೆಗೆ ಹೋದಂತೆ. ಅವರು ಹಿಂದ್ ಕೇಸರಿಯಾಗುವ ಮೂರು ವರ್ಷ ಮೊದಲು ನಡುವೆ ರಾಜ್ಯದ ಗಡಿ ಬಂತು. ಹುಟ್ಟೂರು ಆಗಿನ ಮೈಸೂರು ರಾಜ್ಯದ ಪಾಲಿಗೆ, ಗೆದ್ದ ಬಿರುದು ಮಹಾರಾಷ್ಟ್ರದ ಲೆಕ್ಕಕ್ಕೆ ಹೋದವು. ಇಂದಿಗೂ ಕರ್ನಾಟಕದ ಕ್ರೀಡಾ ಸಾಧಕರ ಪಟ್ಟಿ ಹೇಳುವವರ ಬಾಯಲ್ಲಿ ಖಂಚನಾಳೆ ಹೆಸರು ಅಪರೂಪ.

ಕೊಲ್ಲಾಪುರ ಕುಸ್ತಿಯ ಪೇಟೆಯಾದುದು ಛತ್ರಪತಿ ಶಾಹೂ ಮಹಾರಾಜರ ಕಾಲದಲ್ಲಿ. 1894ರಿಂದ 1922ರವರೆಗೆ ಆಳಿದ ಶಾಹೂ ಸ್ವತಃ ಕುಸ್ತಿ ಬಲ್ಲವರು. ಉತ್ತರದ ಹೆಸರುವಾಸಿ ಮಲ್ಲರನ್ನು ಕರೆಸಿ ಆಶ್ರಯ ಕೊಟ್ಟರು. ಯುರೋಪ್ ಪ್ರವಾಸದಲ್ಲಿ ರೋಮಿನ ಪ್ರಾಚೀನ ಕ್ರೀಡಾಂಗಣವನ್ನು ಕಂಡು ಬಂದ ಮೇಲೆ ಅದೇ ಮಾದರಿಯಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದರು. 1912ರಲ್ಲಿ ಆರಂಭವಾದ ಈ ಮೈದಾನದಲ್ಲಿ ನಡುವೆ ಮಣ್ಣಿನ ಅಖಾಡ, ಸುತ್ತಲೂ ಏರುತ್ತ ಹೋಗುವ ಮೆಟ್ಟಿಲು. ಎಲ್ಲಿ ಕುಳಿತರೂ ಪೈಲವಾನನ ಹಿಡಿತ ಕಾಣುತ್ತದೆ. ಮಹಾರಾಜರ ಉತ್ಸಾಹದಿಂದ ಪೇಟೆ ಪೇಟೆಗೆ ತಾಲೀಮುಗಳು ಬೆಳೆದವು. ಮೋತಿಬಾಗ್, ಗಂಗಾವೇಸ್, ಶಾಹುಪುರಿ ಎಂಬ ತಾಲೀಮುಗಳ ಹೆಸರು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ದೊಡ್ಡ ಕಾಲೇಜುಗಳ ಹೆಸರಿನಂತೆ ಕೇಳಿಬರುತ್ತಿದ್ದವು. ಖಂಚನಾಳೆ ಪಳಗಿದ್ದು ಶಾಹುಪುರಿ ತಾಲೀಮಿನಲ್ಲಿ.

ಸಾಮು ಮತ್ತು ಜೋಡಿ

ತಾಲೀಮು ಎಂದರೆ ಒಂದು ದೊಡ್ಡ ಕೋಣೆ, ನಡುವೆ ಮಟ್ಟಿ, ಗೋಡೆಯಲ್ಲಿ ಹನುಮಂತ. ಮಟ್ಟಿಯ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸ ಬೆರೆಸಿ ಹದ ಮಾಡಿರುತ್ತಾರೆ. ಮಣ್ಣು ಬಿದ್ದವನ ಬೆನ್ನಿಗೆ ಮೆತ್ತಗಿರಬೇಕು, ಹಿಡಿದವನ ಕೈಗೆ ಜಾರಬಾರದು. ನಸುಕಿನಲ್ಲಿ ಎದ್ದ ಹುಡುಗ ಮೊದಲು ಸನಿಕೆ ಹಿಡಿದು ಮಟ್ಟಿ ಅಗೆಯಬೇಕು. ಅದೇ ಅವನ ಮೊದಲ ಸಾಮು. ನಂತರ ನೂರುಗಟ್ಟಲೆ ದಂಡ, ಬೈಠಕ್. ಆಮೇಲೆ ಜೋಡಿ ಕಟ್ಟುವುದು. ಸಂಜೆ ಮತ್ತೊಮ್ಮೆ ಇದೇ ಸಾಮು. ನಡುವೆ ಖುರಾಕು: ಹಾಲು, ತುಪ್ಪ, ಅರೆದ ಬಾದಾಮಿ. ಹಳ್ಳಿಯ ರೈತನೊಬ್ಬ ಮಗನನ್ನು ತಾಲೀಮಿಗೆ ಬಿಟ್ಟನೆಂದರೆ ಮನೆಯ ಎಮ್ಮೆಯ ಹಾಲು ಅವನ ಹಿಂದೆಯೇ ಹೋಯಿತೆಂದು ಅರ್ಥ.

ಇಲ್ಲಿ ಎಲ್ಲಕ್ಕೂ ಮೇಲಿನವನು ವಸ್ತಾದ. ಪಾರಸಿಯ ‘ಉಸ್ತಾದ್’ ಗಡಿಭಾಗದ ಬಾಯಲ್ಲಿ ವಸ್ತಾದ ಆಗಿದೆ. ಸಂಗೀತದ ಉಸ್ತಾದರಿಗೂ ಕುಸ್ತಿಯ ವಸ್ತಾದರಿಗೂ ಪದವೊಂದೇ, ಗೌರವವೂ ಒಂದೇ. ಹಣದ ಮಾತು ಬೇರೆ. ವಸ್ತಾದನ ಕೆಳಗೆ ಒಬ್ಬಿಬ್ಬರು ಹಿರಿಯ ಪೈಲವಾನರು ಇರುತ್ತಾರೆ. ಇವರು ಇನ್ನೂ ಕುಸ್ತಿ ಹಿಡಿಯುವವರೇ, ಜಾತ್ರೆಗಳಲ್ಲಿ ದೊಡ್ಡ ಜೋಡಿಗೆ ಇಳಿಯುವವರೇ. ಆದರೆ ದಿನವೂ ಮಟ್ಟಿಯಲ್ಲಿ ಹುಡುಗರೊಡನೆ ಮೈ ಕೊಟ್ಟು ಕಲಿಸುವ ಕೆಲಸ ಇವರದು. ಉತ್ತರ ಭಾರತದ ಕೆಲವು ಅಖಾಡಗಳಲ್ಲಿ ಉಸ್ತಾದನ ಕೈಕೆಳಗಿನ ಈ ಎರಡನೆಯವನಿಗೆ ‘ಖಲೀಫಾ’ ಎಂಬ ಹೆಸರಿದೆ. ನಮ್ಮ ಕಡೆ ಅಂಥ ಪದವಿಯ ಹೆಸರು ಬಳಕೆಯಲ್ಲಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನೇ ಸಹಾಯಕ ಕೋಚ್.

ಈ ಎರಡನೆಯವನ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ವಸ್ತಾದಗಿರಿ ಹುಟ್ಟುವುದು ಇಲ್ಲಿಯೇ. ಹದಿನಾರರ ಹುಡುಗನೊಬ್ಬ ಢಾಕ್ ಹಾಕುವುದನ್ನು ಕಲಿಯಬೇಕಾಗಿದೆ ಎನ್ನೋಣ. ಎದುರಾಳಿಯ ತೋಳು, ಕೊರಳು ಸುತ್ತಿ ಹಿಡಿದು, ತನ್ನ ಸೊಂಟದ ಮೇಲಿಂದ ಅವನನ್ನು ಎಸೆಯುವ ಡಾವು ಅದು. ಬಾಯಲ್ಲಿ ಹೇಳಿದರೆ ಇಷ್ಟೇ. ಆದರೆ ಕಾಲು ಎಲ್ಲಿಡಬೇಕು, ಸೊಂಟ ಯಾವಾಗ ತಿರುಗಿಸಬೇಕು, ಎದುರಿನವನ ಭಾರ ಮುಂಗಾಲಿಗೆ ಬಂದ ಕ್ಷಣ ಯಾವುದು ಎಂಬುದು ಮಾತಿಗೆ ಸಿಗುವುದಿಲ್ಲ. ಹಿರಿಯ ಪೈಲವಾನ ಹುಡುಗನಿಗೆ ತನ್ನ ಮೈಯನ್ನೇ ಒಪ್ಪಿಸುತ್ತಾನೆ. ಬೇಕೆಂದೇ ಭಾರವನ್ನು ಮುಂದೆ ತರುತ್ತಾನೆ, ಹುಡುಗ ಎಸೆದರೆ ಬೀಳುತ್ತಾನೆ. ಹತ್ತು ಸಲ ಬಿದ್ದ ಮೇಲೆ ಹನ್ನೊಂದನೆಯ ಸಲ ಬೀಳುವುದಿಲ್ಲ. ಎಲ್ಲಿ ತಪ್ಪಿತೆಂದು ಹುಡುಗನ ಸೊಂಟಕ್ಕೆ ಗೊತ್ತಾಗುತ್ತದೆ.

ತನಗಿಂತ ಅರ್ಧ ತೂಕದ ಹುಡುಗನ ಕೈಯಲ್ಲಿ ದಿನವೂ ಬೀಳುವುದು ಹೆಸರು ಮಾಡಿದ ಪೈಲವಾನನಿಗೆ ಸಣ್ಣ ಮಾತಲ್ಲ. ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ಸೋಲೊಪ್ಪದವರ ಮೇಲಿನ ವ್ಯಂಗ್ಯವಾಗಿ ಬಳಸುತ್ತೇವೆ. ಗರಡಿಯೊಳಗಿನ ಜಟ್ಟಿ ಮಾತ್ರ ಮೀಸೆ ಮಣ್ಣು ಮಾಡಿಕೊಳ್ಳದೆ ಏನನ್ನೂ ಕಲಿಸಲಾರ. ಎಲ್ಲ ಒಳ್ಳೆಯ ಪೈಲವಾನರೂ ಒಳ್ಳೆಯ ವಸ್ತಾದರಾಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹೀಗೆ ನೋಡಿದರೆ ಪೈಲವಾನನ ಆಟದ ಬದುಕು ಮುಗಿದು ತರಬೇತಿಯ ಬದುಕು ಶುರುವಾಗುವ ಒಂದು ದಿನವೆಂಬುದು ಇಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಅವನು ಕುಸ್ತಿಯನ್ನೂ ಹಿಡಿಯುತ್ತಾನೆ, ಕಲಿಸುತ್ತಲೂ ಇರುತ್ತಾನೆ. ಮೂವತ್ತೈದಕ್ಕೆ ಜಾತ್ರೆಯ ಕುಸ್ತಿ ಕಡಿಮೆಯಾಗುತ್ತದೆ, ಗರಡಿಯ ಹೊತ್ತು ಹೆಚ್ಚುತ್ತದೆ. ನಲವತ್ತೈದಕ್ಕೆ ಮಟ್ಟಿಯ ದಂಡೆಯ ಮೇಲೆ ಕುಳಿತು ಕೂಗಿ ಹೇಳುತ್ತಾನೆ. ಯಾರೂ ನೇಮಕದ ಆದೇಶ ಕೊಡುವುದಿಲ್ಲ, ಆದ್ದರಿಂದ ನಿವೃತ್ತಿಯೂ ಇಲ್ಲ. ಸಂಬಳದ ಪುಸ್ತಕ ಇಲ್ಲದಲ್ಲಿ ಇತಿಹಾಸಕಾರನಿಗೆ ಹಿಡಿಯಲು ಕಾಗದ ಸಿಗುವುದಿಲ್ಲ.

ಕಾಗದ ಇಲ್ಲವೆಂದ ಮಾತ್ರಕ್ಕೆ ಲೆಕ್ಕವೇ ಇರಲಿಲ್ಲವೆಂದು ತಿಳಿಯಬಾರದು. ಜಾತ್ರೆಯ ಕುಸ್ತಿಯಲ್ಲಿ ಹಲಗೆಯ ಸದ್ದಿನ ನಡುವೆ ಜೋಡಿಯನ್ನು ಕರೆಯುವಾಗ ಪೈಲವಾನನ ಹೆಸರು ಒಂದೇ ಬರುವುದಿಲ್ಲ; ಊರು, ತಾಲೀಮು, ‘ಇಂಥ ವಸ್ತಾದರ ಪಟ್ಠಾ’ ಎಂಬ ಮಾತು ಜೊತೆಗೇ ಬರುತ್ತದೆ. ಪಟ್ಠಾ ಗೆದ್ದರೆ ಮೊದಲು ವಸ್ತಾದನ ಕಾಲಿಗೆರಗಬೇಕು. ಜನ ಕೊಡುವ ಇನಾಮಿನ ಒಂದು ಪಾಲು, ಒಂದು ರುಮಾಲು ವಸ್ತಾದನಿಗೆ ಸಲ್ಲುವುದುಂಟು. ಇದು ಬಾಯಿಂದ ಬಾಯಿಗೆ ಹೋಗುವ ದಾಖಲೆ. ಕೇಳಿದ ತಲೆಮಾರು ಇರುವವರೆಗೆ ಬಾಳುತ್ತದೆ, ಮುಂದೆ ಅಳಿಸುತ್ತದೆ.

ಗೆಲ್ಲುವವನನ್ನು ಬರೆದಿಟ್ಟು ಕಲಿಸುವವನನ್ನು ಬಿಡುವ ಈ ರೂಢಿ ಮೊದಲಿಂದಲೂ ಹೀಗೆಯೇ ಇತ್ತೆಂದು ಹೇಳಲಾಗದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ ಕುಸ್ತಿಗೇ ಒಂದು ಪ್ರಕರಣ ಮೀಸಲಿಟ್ಟಿದೆ. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬ ದರ್ಜೆಗಳನ್ನು ಅದು ಹೇಳುತ್ತದೆ. ಇನ್ನೂ ತರಬೇತಿಯಲ್ಲಿರುವ ಹದಿಹರೆಯದವನಿಗೆ ‘ಭವಿಷ್ಣು’ ಎಂಬ ಸೊಗಸಾದ ಹೆಸರು ಕೊಡುತ್ತದೆ. ಮುಂದೆ ಆಗಬೇಕಾದವನು ಎಂದು ಅರ್ಥ. ಮಲ್ಲರ ಆಹಾರ, ಅಭ್ಯಾಸಗಳಿಗೂ ಅಲ್ಲಿ ಜಾಗವಿದೆ. ರಾಜ ಸಾಕುವ ಕಸುಬಾಗಿದ್ದಾಗ ಕಲಿಕೆಯೂ ಬರವಣಿಗೆಗೆ ದಕ್ಕಿತ್ತು.

ಆಶ್ರಯ ಹೋದ ಮೇಲೆ

ರಾಜಾಶ್ರಯ ಕೊನೆಯವರೆಗೂ ಗಡಿನಾಡಿನ ಕುಸ್ತಿಯ ಆಧಾರವಾಗಿತ್ತು. ಕೊಲ್ಲಾಪುರ ಒಂದೇ ಅಲ್ಲ, ಮೂಡಲಗಿಯ ಪೂರ್ವಕ್ಕೆ ಮುಧೋಳ, ಜಮಖಂಡಿ, ಉತ್ತರಕ್ಕೆ ಮಿರಜ್, ಸಾಂಗಲಿ ಹೀಗೆ ಸುತ್ತಲೂ ಚಿಕ್ಕಪುಟ್ಟ ಸಂಸ್ಥಾನಗಳಿದ್ದವು. ಸ್ವಾತಂತ್ರ್ಯ ಬಂದು 1948–49ರಲ್ಲಿ ಇವೆಲ್ಲ ವಿಲೀನವಾದವು. ಅರಮನೆಯ ಖುರಾಕು ನಿಂತಿತು. ಊರ ಜನ, ಜಾತ್ರಾ ಕಮಿಟಿ, ಮುಂದೆ ಸಕ್ಕರೆ ಕಾರ್ಖಾನೆಗಳು ಆ ಜಾಗಕ್ಕೆ ಬಂದವು. ಇವರೆಲ್ಲರೂ ಗೆದ್ದ ಪೈಲವಾನನಿಗೆ ಬೆಳ್ಳಿ ಗದೆ ಕೊಡಬಲ್ಲರು. ನಿತ್ಯ ಗರಡಿಗೆ ಬಂದು ಹುಡುಗರನ್ನು ತಿದ್ದುವ ವಸ್ತಾದನಿಗೆ ಮನೆ ನಡೆಸಲು ಕೊಡುವ ಏರ್ಪಾಡು ಅವರಲ್ಲಿ ಇರಲಿಲ್ಲ. ಹೊಲವಿದ್ದ ವಸ್ತಾದ ಹೊಲ ನೋಡಿಕೊಂಡು ಕಲಿಸಿದ. ಹೊಲವಿಲ್ಲದವನು ಬೇರೆ ದುಡಿಮೆ ಹುಡುಕಿಕೊಂಡು, ಸಂಜೆ ಮಾತ್ರ ಗರಡಿಗೆ ಬಂದ.

ಖಂಚನಾಳೆ ಗೆದ್ದದ್ದು ಇಂಥ ಸಂಧಿಕಾಲದಲ್ಲಿ. ಅವರ ಮರುವರ್ಷವೇ, 1960ರಲ್ಲಿ, ಹಿಂದ್ ಕೇಸರಿಯಾದ ಗಣಪತರಾವ್ ಆಂದಳ್ಕರ್ ಕೂಡ ಕೊಲ್ಲಾಪುರದ ತಾಲೀಮಿನವರೇ. ಸಾಂಗಲಿ ಜಿಲ್ಲೆಯ ಪುನವತ್ ಅವರ ಊರು, ಪಳಗಿದ್ದು ಮೋತಿಬಾಗ್‌ನಲ್ಲಿ. ಇಬ್ಬರ ಹಾದಿ ಸ್ವಲ್ಪ ಬೇರೆಯಾಗಿದ್ದುದನ್ನು ಗಮನಿಸಬೇಕು. ಆಂದಳ್ಕರ್ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಗ್ರೀಕೊ–ರೋಮನ್ ಶೈಲಿಯಲ್ಲಿ ಚಿನ್ನ, ಫ್ರೀಸ್ಟೈಲ್‌ನಲ್ಲಿ ಬೆಳ್ಳಿ ತಂದರು. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋದರು, ಅದೇ ವರ್ಷದ ಅರ್ಜುನ ಪ್ರಶಸ್ತಿ ಪಡೆದರು. ಮಣ್ಣಿನಿಂದ ಮ್ಯಾಟಿಗೆ ದಾಟಿದವರು ಅವರು. ಬಳಿಕ ಮೋತಿಬಾಗ್‌ಗೇ ಮರಳಿ ವಸ್ತಾದರಾಗಿ ದಶಕಗಳ ಕಾಲ ಉಳಿದರು, 2018ರ ಸೆಪ್ಟೆಂಬರ್‌ನಲ್ಲಿ ನಿಧನರಾದರು. ಖಂಚನಾಳೆಯವರ ಹೆಸರು ಮಾತ್ರ ಮಣ್ಣಿನ ಕುಸ್ತಿಯೊಂದಿಗೇ ಉಳಿಯಿತು. ಅಂತರರಾಷ್ಟ್ರೀಯ ಪದಕವಿಲ್ಲದ ಪೈಲವಾನನ ಬದುಕು ಪುಸ್ತಕಗಳಿಗೆ ಹೋಗುವುದು ಕಷ್ಟ. ಅವನ ವಸ್ತಾದಗಿರಿಯಂತೂ ಇನ್ನೂ ಕಷ್ಟ.

ಮಣ್ಣಿನಿಂದ ಮ್ಯಾಟಿಗೆ ದಾಟಲು ಏನು ಬೇಕಾಗುತ್ತದೆ ಎಂಬುದನ್ನು ಕೊಲ್ಲಾಪುರದವರು ಅದಕ್ಕೂ ಮೊದಲೇ ಕಂಡಿದ್ದರು. ಅಲ್ಲಿನ ರಾಜಾರಾಮ್ ಕಾಲೇಜಿನ ವಿದ್ಯಾರ್ಥಿ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದರು. ಮ್ಯಾಟಿನ ಕುಸ್ತಿ ಅವರಿಗೆ ಹೊಸದು. ಅಮೆರಿಕದ ರೀಸ್ ಗಾರ್ಡ್‌ನರ್ ಅವರಿಗೆ ಅದರ ಪಾಠ ಹೇಳಿದ್ದರು. ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಗೆ ಹೊರಟಾಗ ಹಣ ಸಾಲದೆ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿದ ಸಂಗತಿ ಪ್ರಸಿದ್ಧ. ಅಲ್ಲಿ ಗೆದ್ದ ಕಂಚು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಜಾಧವ್ ಮುಂದೆ ಪೊಲೀಸ್ ಇಲಾಖೆ ಸೇರಿದರು, 1984ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಅವರಿಗೆ ಸಂದದ್ದು ಸತ್ತ ಹದಿನಾರು ವರ್ಷಗಳ ಮೇಲೆ. ಪದಕ ಗೆದ್ದವನ ಗತಿಯೇ ಇದಾದಾಗ ಅವನಿಗೆ ಮಟ್ಟಿಯಲ್ಲಿ ಮೈ ಕೊಟ್ಟವರನ್ನು ಯಾರು ಹುಡುಕಬೇಕು?

ಡಿಪ್ಲೊಮಾ ಬಂತು

1961ರ ಮೇ 7ರಂದು ಪಟಿಯಾಲಾದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಯಿತು. ಕ್ರೀಡಾ ತರಬೇತುದಾರರನ್ನು ಶಾಸ್ತ್ರೀಯವಾಗಿ ತಯಾರು ಮಾಡಿ ಡಿಪ್ಲೊಮಾ ಕೊಡುವುದು ಅದರ ಮುಖ್ಯ ಕೆಲಸ. ‘ಕೋಚ್’ ಎಂಬುದು ಸಂಬಳ ಬರುವ ಹುದ್ದೆಯಾಯಿತು. ಶಾಲೆ, ಕಾಲೇಜು, ವಿಶ್ವವಿದ್ಯಾಲಯ, ಕ್ರೀಡಾ ವಸತಿ ನಿಲಯಗಳಲ್ಲಿ ಕೋಚ್ ಆಗಲು ಅರ್ಹತಾ ಪತ್ರ ಬೇಕಾಯಿತು. ಇದು ಅಗತ್ಯವಾದ ಬದಲಾವಣೆಯೆಂಬುದರಲ್ಲಿ ಅನುಮಾನವಿಲ್ಲ. ಗಾಯದ ಆರೈಕೆ, ಆಹಾರದ ಲೆಕ್ಕ, ತೂಕ ಇಳಿಸುವ ವಿಧಾನ, ಬದಲಾಗುತ್ತಿರುವ ನಿಯಮ ಇವೆಲ್ಲವನ್ನೂ ಅನುಭವದಿಂದಲೇ ತಿಳಿದುಕೊಳ್ಳಲಾಗದು.

ಹೊಸ ಏರ್ಪಾಡಿನಲ್ಲಿ ಪೈಲವಾನನಿಗೆ ಎಂಥ ಬದುಕು ಸಾಧ್ಯವಿತ್ತು ಎಂಬುದಕ್ಕೆ ಹರಿಯಾಣದ ಉದಯ್ ಚಂದ್ ಉತ್ತಮ ಉದಾಹರಣೆ. ಸೇನೆಯಲ್ಲಿದ್ದ ಅವರು 1961ರ ಯೊಕೊಹಾಮಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಕುಸ್ತಿಗೆ ಮೊದಲ ಅರ್ಜುನ ಪ್ರಶಸ್ತಿ ಅವರದೇ. ಸೇನೆಯಿಂದ ಬಂದ ಮೇಲೆ ಹಿಸಾರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕುಸ್ತಿ ಕೋಚ್ ಆಗಿ 1970ರಿಂದ 1996ರವರೆಗೆ ದುಡಿದರು. ಅವರ ಆಟದ ವರ್ಷಗಳಿಗೂ ತರಬೇತಿಯ ವರ್ಷಗಳಿಗೂ ತಾರೀಖುಗಳಿವೆ. ವಿಶ್ವವಿದ್ಯಾಲಯದ ಕೋಚ್‌ನ ಇತಿಹಾಸ ಬರೆಯುವುದು ಸುಲಭ. ತಾಲೀಮಿನ ವಸ್ತಾದನ ಇತಿಹಾಸ ಬರೆಯುವುದು ಕಷ್ಟ. ಯೊಕೊಹಾಮಾದ ಕುಸ್ತಿಗೂ ದೆಹಲಿಯ ಹಿಂದ್ ಕೇಸರಿ ಕುಸ್ತಿಗೂ ನಡುವೆ ಇದ್ದುದು ಎರಡೇ ವರ್ಷ.

ತರಬೇತುದಾರರಿಗಾಗಿ ಕೇಂದ್ರ ಸರ್ಕಾರ ದ್ರೋಣಾಚಾರ್ಯ ಪ್ರಶಸ್ತಿ ಆರಂಭಿಸಿದ್ದು 1985ರಲ್ಲಿ. ಮೊದಲ ವರ್ಷ ಪಡೆದ ಮೂವರಲ್ಲಿ ಒಬ್ಬರು ಪಿ.ಟಿ. ಉಷಾ ಅವರ ಗುರು ಒ.ಎಂ. ನಂಬಿಯಾರ್, ಇನ್ನೊಬ್ಬರು ಬಾಕ್ಸಿಂಗ್‌ನ ಒ.ಪಿ. ಭಾರದ್ವಾಜ್, ಮತ್ತೊಬ್ಬರು ಕುಸ್ತಿಯ ಭಾಲಚಂದ್ರ ಭಾಗವತ್. ಎರಡು ವರ್ಷಗಳ ನಂತರ ದೆಹಲಿಯ ಗುರು ಹನುಮಾನ್ ಅವರಿಗೂ ಇದು ಸಂದಿತು. ಗುರು ಹನುಮಾನ್ ಯಾವ ಸಂಸ್ಥೆಯ ಡಿಪ್ಲೊಮಾದಿಂದಲೂ ಬಂದವರಲ್ಲ, ಅಖಾಡ ಕಟ್ಟಿ ಬೆಳೆಸಿದ ಹಳೆಯ ಮಾದರಿಯ ಉಸ್ತಾದ. ಆದರೆ ಅವರ ಪಟ್ಠಾಗಳು ಮ್ಯಾಟಿನ ಮೇಲೆ ಗೆದ್ದವರು. ಪ್ರಶಸ್ತಿಯ ಕಣ್ಣು ಅಲ್ಲಿಗೆ ಹರಿಯಲು ಅದೇ ದಾರಿ.

ಮ್ಯಾಟಿಗೂ ಮಟ್ಟಿಗೂ ಇರುವ ವ್ಯತ್ಯಾಸವನ್ನು ಓದುಗರು ಟಿ.ವಿ.ಯಲ್ಲಿ ಕಂಡಿರಬಹುದು. ಮಣ್ಣಿನ ‘ನಿಕಾಲಿ’ ಕುಸ್ತಿಯಲ್ಲಿ ಒಬ್ಬನ ಬೆನ್ನು ನೆಲಕ್ಕೆ ತಾಗುವವರೆಗೆ ಪಂದ್ಯ ಮುಗಿಯದು. ಅರ್ಧ ಗಂಟೆ ಬರೀ ಹಿಡಿತ ಬಿಡಿತಗಳಲ್ಲಿಯೇ ಹೋಗಬಹುದು. ಮ್ಯಾಟಿನಲ್ಲಿ ಈಗ ಮೂರು ಮೂರು ನಿಮಿಷದ ಎರಡು ಅವಧಿ, ಹೆಜ್ಜೆ ಹೆಜ್ಜೆಗೂ ಅಂಕ. ಸುಮ್ಮನೆ ನಿಂತರೆ ದಂಡ, ಗೆರೆ ದಾಟಿದರೆ ಎದುರಾಳಿಗೆ ಅಂಕ. ಮಣ್ಣಿನಲ್ಲಿ ಎದುರಾಳಿಯ ಲಂಗೋಟಿ, ಚಡ್ಡಿ ಹಿಡಿದು ಎತ್ತುವುದು ಕಲೆ. ಮ್ಯಾಟಿನಲ್ಲಿ ಉಡುಪಿಗೆ ಕೈ ಹಾಕಿದರೆ ತಪ್ಪು. ಗ್ರೀಕೊ–ರೋಮನ್‌ನಲ್ಲಂತೂ ಸೊಂಟದ ಕೆಳಗೆ ಮುಟ್ಟುವಂತೆಯೇ ಇಲ್ಲ, ಅಂದರೆ ಪಟ್ ಹಿಡಿಯುವ ವಿದ್ಯೆಗೆ ಅಲ್ಲಿ ಬೆಲೆಯಿಲ್ಲ. ಮೂವತ್ತು ವರ್ಷ ಒಂದು ಹಿಡಿತವನ್ನು ತಿದ್ದಿ ತೀಡಿ ಹುಡುಗರಿಗೆ ಕೊಟ್ಟ ವಸ್ತಾದನಿಗೆ, ಆ ಹಿಡಿತ ಇನ್ನು ಮೇಲೆ ತಪ್ಪು ಎಂದು ನಿಯಮ ಪುಸ್ತಕ ಹೇಳುತ್ತದೆ.

ಆದರೂ ಗರಡಿಯ ವಿದ್ಯೆ ಪೂರ್ತಿ ವ್ಯರ್ಥವಾಯಿತೆನ್ನುವಂತಿಲ್ಲ. ಸೊಂಟದ ಮೇಲಿನ ಎಸೆತಗಳು, ಕೊರಳು ತೋಳುಗಳ ಹಿಡಿತ, ದಮ್ಮು ಇವು ಎರಡೂ ಕಡೆ ಬೇಕು. 1962ರಲ್ಲಿ ಆಂದಳ್ಕರ್ ಗ್ರೀಕೊ–ರೋಮನ್ ಚಿನ್ನ ತಂದುದು ಮಣ್ಣಿನಲ್ಲಿ ಬೆಳೆದ ಮೈಯಿಂದಲೇ. ಮೂಡಲಗಿಯ ನೆರೆಯ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರ ಫೆಬ್ರುವರಿಯಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕೊ–ರೋಮನ್ 55 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದರು. ಉತ್ತರ ಕರ್ನಾಟಕದ ಹುಡುಗನೊಬ್ಬ ಹತ್ತು ತಿಂಗಳ ಅಂತರದಲ್ಲಿ ಏಷ್ಯದ ಕಂಚು ಗೆದ್ದುದು, ಉತ್ತರ ಕರ್ನಾಟಕದಲ್ಲಿಯೇ ಹುಟ್ಟಿದ ಮೊದಲ ಹಿಂದ್ ಕೇಸರಿ ತೀರಿಕೊಂಡುದು ಎರಡೂ ಆದವು. ಮೊದಲನೆಯದು ನಮ್ಮ ಸುದ್ದಿಯಾಯಿತು, ಎರಡನೆಯದು ಹೆಚ್ಚಾಗಿ ಪಕ್ಕದ ರಾಜ್ಯದ ಸುದ್ದಿಯಾಯಿತು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಯ ಕುಸ್ತಿ ಇಂದಿಗೂ ಜನ ಸೇರಿಸುತ್ತದೆ. ಸುಗ್ಗಿ ಮುಗಿದ ಮೇಲೆ ಒಂದೂರು ಬಿಟ್ಟರೆ ಇನ್ನೊಂದೂರು. ಬೆಳಗಾವಿ ನಗರದ ಆನಂದವಾಡಿ ಅಖಾಡದಲ್ಲಿ ದೊಡ್ಡ ಜೋಡಿಗಳು ಬರುತ್ತವೆ. ಚೀಟಿಯ ಮೇಲೆ ಮಹಾರಾಷ್ಟ್ರ, ಪಂಜಾಬ್, ಹರಿಯಾಣದ ಹೆಸರುಗಳಿದ್ದರೆ ಜನ ಹೆಚ್ಚು. ಕುಸ್ತಿಗೆ ಹಣ ಹರಿಯುವುದು ಹೀಗೆ ಒಂದು ಸಂಜೆಗೆ. ನಸುಕಿನ ಗರಡಿಗೆ ಅದರಲ್ಲಿ ಪಾಲು ಕಡಿಮೆ. ಕೆಲವು ಊರುಗಳ ಗರಡಿಮನೆಗೆ ಬೀಗ ಬಿದ್ದಿದೆ, ಕೆಲವು ಕಡೆ ಅದೇ ಜಾಗದಲ್ಲಿ ಜಿಮ್ಮಿನ ಕಬ್ಬಿಣ ಬಂದಿದೆ. ಮಟ್ಟಿ ಒಂದು ಮಳೆಗಾಲ ಅಗೆಯದೆ ಬಿಟ್ಟರೆ ಗಟ್ಟಿಯಾಗುತ್ತದೆ. ಅದನ್ನು ಮತ್ತೆ ಹದಕ್ಕೆ ತರುವುದು ಹೇಗೆಂದು ಬಲ್ಲವನೂ ವಸ್ತಾದನೇ.

ಕರ್ನಾಟಕ ಸರ್ಕಾರ ಮಾಜಿ ಪೈಲವಾನರಿಗೆ ಮಾಸಾಶನ ಕೊಡುತ್ತಿದೆ. ಕಷ್ಟದಲ್ಲಿರುವ ಹಿರಿಯರಿಗೆ ಅದು ನಿಜವಾದ ಆಸರೆ, ಇತರ ಅನೇಕ ಆಟಗಳ ಹಿರಿಯರಿಗೆ ಇಲ್ಲದ ಸವಲತ್ತು. ಆದರೆ ಅದರ ದರ್ಜೆ ನಿರ್ಧಾರವಾಗುವುದು ಪೈಲವಾನ ಆಡಿದ ಮಟ್ಟದಿಂದ: ರಾಜ್ಯ, ರಾಷ್ಟ್ರ, ಅಂತರರಾಷ್ಟ್ರ. ರಾಜ್ಯಮಟ್ಟದಲ್ಲಿ ಎರಡು ಸಲ ಕುಸ್ತಿ ಹಿಡಿದು, ಆಮೇಲೆ ಊರಿನ ಗರಡಿಯಲ್ಲಿ ನಲವತ್ತು ವರ್ಷ ಹುಡುಗರ ಕೈಯಲ್ಲಿ ಬಿದ್ದೆದ್ದ ವಸ್ತಾದ ಅರ್ಜಿಯಲ್ಲಿ ಬರೆಯಬೇಕಾದುದು ಆ ಎರಡು ಕುಸ್ತಿಗಳ ವಿವರವನ್ನು.